ಅಮ್ಮನ ಎರಡೆಳೆ ಸರ

“ಚಿಕ್ಕಂದಿನಲ್ಲಿ ಮಂಗನಬಾವು ಬಂದಿತ್ತಾ?” ಎಂದು ಡಾಕ್ಟರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನೋವಲ್ಲ, ಅಮ್ಮನ ಎರಡೆಳೆ ಬಂಗಾರದ ಸರ. ಆಗ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಮೀಸೆ ಚಿಗುರುತ್ತಿದ್ದ ಹೊತ್ತಿಗೆ ಕೊರಳಿಗೆ ಹೆಂಗಸರ ಸರ ಹಾಕಿಕೊಂಡು ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂರಬೇಕಾಗಿ ಬಂದ ಅವಮಾನವನ್ನು ಯಾವ ಹುಡುಗನೂ ಸುಲಭವಾಗಿ ಮರೆಯುವುದಿಲ್ಲ.

“ಬಂದಿತ್ತು ಅನ್ಸುತ್ತೆ ಸರ್. ಮನೇಲಿ ಕೇಳಿ ಹೇಳ್ತೀನಿ,” ಎಂದೆ.

ಅವರ ಮೇಜಿನ ಮೇಲೆ ನನ್ನ ಎರಡು ವರದಿಗಳಿದ್ದವು. ವೀರ್ಯಾಣುಗಳ ಸಂಖ್ಯೆ ಬರೆಯುವ ಜಾಗದಲ್ಲಿ ಎರಡರಲ್ಲೂ ಸೊನ್ನೆ ಇತ್ತು. ಆ ಪರೀಕ್ಷೆಗೆ ಡಬ್ಬಿ ತುಂಬಿಸಿಕೊಡಲು ಆಸ್ಪತ್ರೆಯವರು ಒಂದು ಪುಟ್ಟ ಕೋಣೆ ಇಟ್ಟಿದ್ದಾರೆ. ಅದರ ಗೋಡೆಗೆ ಯಾರೋ ಪುಣ್ಯಾತ್ಮರು ದೇವರ ಕ್ಯಾಲೆಂಡರ್ ತೂಗುಹಾಕಿದ್ದರು. ಮೊದಲ ಸಲ ನಾನು ಕ್ಯಾಲೆಂಡರನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಕೆಲಸ ಮುಗಿಸಿದೆ. ಎರಡನೇ ಸಲ ಹೋದಾಗ ಅದು ಆಗಲೇ ತಿರುಗಿಕೊಂಡಿತ್ತು. ನನ್ನ ಹಾಗೆ ಸಂಕೋಚದವರು ಊರಿನಲ್ಲಿ ಇನ್ನೂ ಇದ್ದಾರೆ ಎಂದು ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು.

ಡಾಕ್ಟರು ಬಿಡಿಸಿ ಹೇಳಿದರು. ವೀರ್ಯಾಣು ಹೊರಬರುವ ದಾರಿ ಮುಚ್ಚಿ ಹೋಗಿದ್ದರೆ ಒಂದು ಸೂಜಿಯಲ್ಲಿ ಹೊರಗೆ ತೆಗೆಯಬಹುದು, ಅದು ಸುಲಭ. ನನ್ನದು ಹಾಗಲ್ಲ. ವೃಷಣವೇ ತಯಾರಿಕೆ ನಿಲ್ಲಿಸಿದ ಹಾಗಿದೆ. ಆದರೂ ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ಒಂದಿಷ್ಟು ತಯಾರಾಗುತ್ತಿರಬಹುದು. ಆಪರೇಷನ್ ಮಾಡಿ, ವೃಷಣವನ್ನು ತೆರೆದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಹುಡುಕಬೇಕು. ಸಿಕ್ಕರೆ ಅದನ್ನು ಶೈತ್ಯದಲ್ಲಿ ಕಾಪಿಟ್ಟು ಆಮೇಲೆ ಹೆಂಡತಿಗೆ ಇಂಜೆಕ್ಷನ್ ಶುರುಮಾಡಿ, ಅವಳ ಅಂಡಾಣು ತೆಗೆದು, ಲ್ಯಾಬಿನಲ್ಲಿ ಎರಡನ್ನೂ ಸೇರಿಸುವುದು. ಸಿಗದಿದ್ದರೆ, ಅವರು ಪೆನ್ನು ಕೆಳಗಿಟ್ಟರು, “ಸಿಗದಿದ್ದರೆ ಆಮೇಲೆ ಕೂತು ಮಾತಾಡೋಣ.”

ನನ್ನ ಕೆಲಸವೂ ಒಂದು ಬಗೆಯ ನೋಟದ್ದೇ. ನಜರ್‌ಬಾದಿನ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಜನರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಾ, ಇದು ಚೆನ್ನಾಗಿ ಕಾಣುತ್ತಾ, ಇದು ಕಾಣುತ್ತಾ ಎಂದು ಕೇಳುತ್ತಿರುತ್ತೇನೆ. ಕೊನೆಯ ಸಾಲು ಕಾಣದವರಲ್ಲಿ ಎರಡು ಜಾತಿ. ಕೆಲವರು ಕಾಣಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಹೆಚ್ಚಿನವರು ಊಹೆಯ ಮೇಲೆ ಒಂದು ಅಕ್ಷರ ಹೇಳಿ ನನ್ನ ಮುಖ ನೋಡುತ್ತಾರೆ. ಅಂಥವರಿಗೆ ನಾನು ಒಳಗೊಳಗೇ ಬೈಯುತ್ತೇನೆ. ಆ ಪರೀಕ್ಷೆಯಲ್ಲಿ ಪಾಸಾಗಿ ಅವರಿಗೇನು ಸಿಗಬೇಕೋ ದೇವರಿಗೇ ಗೊತ್ತು.

ಮನೆಗೆ ಬಂದಾಗ ಅಮ್ಮ ಹಜಾರದಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಅಪ್ಪ ತೀರಿಕೊಂಡಮೇಲೆ ಒಂಟಿಕೊಪ್ಪಲಿನ ಆ ಮನೆಯಲ್ಲಿ ಕೆಳಗೆ ನಾವು ಮೂವರು, ಮಹಡಿಯಲ್ಲಿ ಬಾಡಿಗೆಯವರು. ಕೈಕಾಲು ತೊಳೆದುಕೊಂಡು ಬಂದು ನಾನೂ ಎರಡು ಕಾಳು ಹಿದುಕುತ್ತಾ, “ಅಮ್ಮ, ನಂಗೆ ಮಂಗನಬಾವು ಬಂದಿತ್ತಲ್ವಾ?” ಎಂದೆ.

“ಯಾಕೋ ಈಗ?”

“ಇನ್ಶೂರೆನ್ಸ್‌ನೋರು ಕೇಳ್ತಿದಾರೆ. ಯಾವ್ಯಾವ ಕಾಯಿಲೆ ಬಂದಿತ್ತು ಅಂತ.”

“ಬಂದಿತ್ತು ಕಣೋ. ಎರಡೂ ಕೆನ್ನೆ ಊದ್ಕೊಂಡ್ಬುಟ್ಟಿತ್ತು. ಸರ ಹಾಕಿದ್ಮೇಲೆ ಇಳೀತು. ಆಮೇಲೆ ಜ್ವರ ತಿರುಗಿ ಬಂತಲ್ಲ, ಕಿಬ್ಬೊಟ್ಟೆ ನೋವು ಅಂತಿದ್ದೆ, ಹರಳೆಲೆ ಬಿಸಿ ಮಾಡಿ...” ಅಷ್ಟು ಹೇಳಿ ಅಮ್ಮ ನಿಲ್ಲಿಸಿದಳು. ಸ್ವಲ್ಪ ಹೊತ್ತು ಕಾಳು ಹಿದುಕಿದಳು. “ಇನ್ಶೂರೆನ್ಸ್‌ನೋರಿಗೆ ಇದೆಲ್ಲ ಯಾಕೆ ಬೇಕಂತೆ?”

“ಅವರಿಗೆ ಎಲ್ಲಾ ಬೇಕು,” ಎಂದು ಎದ್ದೆ.

ಆ ಸರದ ಬಗ್ಗೆ ಹೇಳಬೇಕು. ಮಂಗನಬಾವು ಬಂದ ಮಗುವಿನ ಕೊರಳಿಗೆ ಬಂಗಾರದ ಸರ ಹಾಕಿದರೆ ಬಾವು ಇಳಿಯುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ನಮ್ಮ ಬೀದಿಯಲ್ಲಿ ಅದಕ್ಕೆ ಅಮ್ಮನ ಸರವೇ ಆಗಬೇಕಿತ್ತು. ಅದಕ್ಕೆ ಗುಣ ಇದೆಯೆಂದು ಹೇಗೋ ಹೆಸರು ಬಿದ್ದುಹೋಗಿತ್ತು. ಸ್ವಂತ ಸರ ಇದ್ದವರೂ ಬಂದು ಕೇಳುತ್ತಿದ್ದರು. ಅಮ್ಮ ಕುತ್ತಿಗೆಯಿಂದ ತೆಗೆದು, ತೊಳೆದು, ಅರಿಶಿನ ಮುಟ್ಟಿಸಿ ಕೊಡುತ್ತಿದ್ದಳು. ಮಗು ವಾಸಿಯಾದ ಮೇಲೆ ಸರ ಬಾಳೆಹಣ್ಣು, ಎಲೆ ಅಡಿಕೆಯ ಜೊತೆ ವಾಪಸ್ಸು ಬರುತ್ತಿತ್ತು. ಆ ದಿನ ಅಮ್ಮನ ನಡಿಗೆಯೇ ಬೇರೆ. ಮಂಗನಬಾವು ತಾನಾಗಿ ಬಂದು ತಾನಾಗಿ ಇಳಿಯುವ ಕಾಯಿಲೆ. ಹಾಗಾಗಿ ಸರ ಒಮ್ಮೆಯೂ ಸೋತಿರಲಿಲ್ಲ.

ನನ್ನ ಕೆನ್ನೆಯ ಬಾವೂ ಇಳಿಯಿತು. ಅದಾದ ಮೇಲೆ ನೋವು ಕೆಳಗೆ ಶುರುವಾಯಿತು. ಆ ವಯಸ್ಸಿನ ಹುಡುಗ ಅದನ್ನು ತಾಯಿಗೆ ಹೇಗೆ ಹೇಳುತ್ತಾನೆ, ಕಿಬ್ಬೊಟ್ಟೆ ನೋವು ಎಂದೆ. ಅಮ್ಮ ಹರಳೆಲೆ ಬಿಸಿ ಮಾಡಿ ಬಚ್ಚಲ ಬಾಗಿಲ ಹೊರಗೆ ತಟ್ಟೆಯಲ್ಲಿ ಇಟ್ಟು ಹೋಗುತ್ತಿದ್ದಳು. ಸರ ಇನ್ನೂ ಸ್ವಲ್ಪ ದಿನ ನನ್ನ ಕೊರಳಲ್ಲೇ ಉಳಿಯಿತು. ಇಬ್ಬರೂ ಆ ವಿಷಯ ಆಡಲಿಲ್ಲ.

ಮುಂದಿನ ಸಲ ಹೋದಾಗ ಇದೆಲ್ಲವನ್ನೂ ಡಾಕ್ಟರಿಗೆ ಹೇಳಿದೆ. ಅವರು ತಲೆಯಾಡಿಸಿ, “ಅದೇ ಇರಬೇಕು,” ಎಂದರು. ಆಗಲೇ ಆಸ್ಪತ್ರೆಗೆ ಹೋಗಿದ್ದರೆ ಎಂದು ಕೇಳಿದೆ. “ಜ್ವರಕ್ಕೆ, ನೋವಿಗೆ ಮಾತ್ರೆ ಕೊಡ್ತಿದ್ರು. ಅದಕ್ಕೇ ಅಂತ ಔಷಧ ಇಲ್ಲ. ಮಗುವಾಗಿದ್ದಾಗ ಸೂಜಿ ಹಾಕಿಸಿದ್ರೆ ತಡೀಬಹುದಿತ್ತು, ಆವಾಗ ಅದನ್ನ ಹಾಕಿಸ್ತಾ ಇದ್ದೋರು ಯಾರು ಬಿಡಿ,” ಎಂದರು.

ಅಮ್ಮನಿಗೆ ಹೇಳಬಹುದಿತ್ತು. ಮುಚ್ಚಿಡಲು ನನಗಿದ್ದ ಕಾರಣ ಒಂದೇ. ಹೇಳಿದರೆ ಅವಳು ಸೀದಾ ಮಂಗನಬಾವಿಗೆ ಬರುತ್ತಾಳೆ, ಅಲ್ಲಿಂದ ಸರಕ್ಕೆ, ಸರದಿಂದ ತನಗೆ. ಡಾಕ್ಟರು ಏನು ಹೇಳಿದರೂ ಆಮೇಲೆ ಅವಳ ಕಿವಿಗೆ ಹೋಗುವುದಿಲ್ಲ. ಉಳಿದ ಆಯುಷ್ಯವನ್ನೆಲ್ಲ ಆ ಹರಳೆಲೆಯನ್ನು ನೆನೆಯುತ್ತಾ ಕಳೆಯುತ್ತಾಳೆ. ಆಪರೇಷನ್‌ನಲ್ಲಿ ಒಂದಿಷ್ಟು ವೀರ್ಯಾಣು ಸಿಕ್ಕಿಬಿಟ್ಟರೆ ಈ ಮಾತೇ ಏಳುವುದಿಲ್ಲ, ಮಗು ಆಗುತ್ತದೆ, ಸರಕ್ಕೆ ಗುಣ ಹಾಗೇ ಉಳಿಯುತ್ತದೆ. ನನಗೆ ಮಗು ಬೇಕಿತ್ತು, ನಿಜ. ಈ ಮಾತು ಅಮ್ಮನ ಕಡೆಗೆ ಹೊರಳಬಾರದು ಎಂಬ ಆಸೆಯೂ ಅಷ್ಟೇ ಜೋರಾಗಿತ್ತು.

ನನ್ನ ಹೆಂಡತಿಗೆ ಇಂಥ ಅಂಜಿಕೆ ಇಲ್ಲ. ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವ ಹೊರದೇಶದವರಿಗೆ ಬಾಡಿಗೆ ಮನೆ ಹುಡುಕಿಕೊಡುವುದು ಅವಳ ಕೆಲಸ. “ಅವರು ಬಾಗಿಲು ತೆಗೆದು ಒಳಗೆ ಕಾಲಿಡೋದ್ರೊಳಗೆ ತಮ್ಮ ಡೈವೋರ್ಸ್ ಕಥೆ ಪೂರ್ತಿ ಹೇಳಿರ್ತಾರೆ. ನೀವು ನೋಡಿದ್ರೆ ಅಮ್ಮಂಗೆ ಒಂದು ಮಾತು ಹೇಳಕ್ಕೆ ಪಂಚಾಂಗ ನೋಡ್ತೀರಿ,” ಎಂದು ಛೇಡಿಸಿದಳು. ಅವಳಿಗೆ ಛೇಡಿಸುವ ಹಕ್ಕಿತ್ತು. ಬೀದಿಯವರು, ನೆಂಟರು ಎಲ್ಲರೂ ಮಕ್ಕಳ ವಿಷಯ ಬಂದಾಗ ನೋಡುತ್ತಿದ್ದದ್ದು ಅವಳ ಹೊಟ್ಟೆಯನ್ನೇ. ಅಮ್ಮ ಹೇಳಿದಳೆಂದು ಶನಿವಾರ ಶನಿವಾರ ಅಶ್ವತ್ಥಕಟ್ಟೆ ಸುತ್ತುತ್ತಿದ್ದಳು. ವಾಕಿಂಗ್ ಆದಂಗೂ ಆಯ್ತು ಎನ್ನುತ್ತಿದ್ದಳು.

ಆಪರೇಷನ್‌ಗೆ ಹರ್ನಿಯಾ ಎಂದು ಹೆಸರಿಟ್ಟವಳೂ ಅವಳೇ. ಜಾಗ ಸುಮಾರು ಅದೇ, ಭಾರ ಎತ್ತಬಾರದು, ಸ್ಕೂಟರ್ ಓಡಿಸಬಾರದು, ಎಲ್ಲಾ ಹೊಂದುತ್ತದೆ. ಅಮ್ಮನಿಗೆ ಹೇಳಿದೆವು. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಮ್ಮ ಸುಳ್ಳು ಇಷ್ಟು ಚೆನ್ನಾಗಿ ನಿಂತಿತಲ್ಲ ಎಂದು ಆಟೋದಲ್ಲಿ ನಾವಿಬ್ಬರೂ ಬೀಗಿದೆವು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಎದೆಯ ಮೇಲೆ ಅಡ್ಡಕ್ಕೆ ಹಸಿರು ಬಟ್ಟೆಯ ಪರದೆ. ಪರದೆಯಾಚೆ ಡಾಕ್ಟರು ದೊಡ್ಡ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದರು. ನಿದ್ದೆ ಬರಿಸಲೇ ಎಂದು ಕೇಳಿದ್ದರು, ನಾನೇ ಬೇಡವೆಂದೆ. ಹುಡುಕುವ ಕೆಲಸ ನಡೆಯುವಾಗ ಮಲಗಿಬಿಡುವುದು ನನಗೆ ಸರಿಬರಲಿಲ್ಲ. ವೃಷಣದೊಳಗೆ ಇರುವುದೆಲ್ಲ ಶಾವಿಗೆಯಂಥ ಎಳೆಗಳು. ಅವುಗಳಲ್ಲಿ ಸ್ವಲ್ಪ ದಪ್ಪಗೆ, ಬೆಳ್ಳಗೆ ಕಾಣುವ ಎಳೆಯನ್ನು ಆರಿಸಿ ಚಿಮುಟದಿಂದ ಕಿತ್ತು ಪುಟ್ಟ ತಟ್ಟೆಗೆ ಹಾಕುತ್ತಾರೆ. ಗೋಡೆಯಲ್ಲಿ ಒಂದು ಕಿಟಕಿ. ಅದರಾಚೆ ಲ್ಯಾಬ್. ಅಲ್ಲಿನ ಮೇಡಂ ತಟ್ಟೆ ತೆಗೆದುಕೊಂಡು, ಎಳೆಗಳನ್ನು ಬಿಡಿಸಿ, ತನ್ನ ಮೈಕ್ರೋಸ್ಕೋಪಿನಲ್ಲಿ ನೋಡಿ ಉತ್ತರ ಹೇಳುತ್ತಾರೆ. ನನಗೆ ಕಾಣುತ್ತಿದ್ದದ್ದು ಕಿಟಕಿಯಲ್ಲಿ ಕೈಗವಸು ಹಾಕಿದ ಆ ಕೈ ಮಾತ್ರ.

“ಏನಾದ್ರೂ ಇದೆಯಾ?” ಎಂದು ಡಾಕ್ಟರು ಕೇಳುತ್ತಿದ್ದರು.

“ನೋಡ್ತಿದೀನಿ ಸರ್.” ತಟ್ಟೆ ಸರಿಸಿದ ಸದ್ದು. “ಇಲ್ಲ ಸರ್.”

ಇನ್ನೊಂದು ತಟ್ಟೆ ಹೋಯಿತು. ಮತ್ತೊಂದು ಹೋಯಿತು. ನಡುವೆ ಒಮ್ಮೆ ಆಕೆಯ ಉತ್ತರ ಬಹಳ ತಡವಾಯಿತು. ಆ ತಡದಲ್ಲಿ ನಾನು ಒಂದು ಮಗುವನ್ನು ಸ್ಕೂಲಿಗೆ ಸೇರಿಸಿ ಬಂದೆ. ಆಮೇಲೆ ಆಕೆ, “ಇಲ್ಲ ಸರ್, ಬೇರೆ ಜೀವಕೋಶ. ಅದಲ್ಲ,” ಎಂದರು. ಡಾಕ್ಟರು ಎಡಗಡೆ ಮುಗಿಸಿ ಬಲಗಡೆಗೆ ಬಂದರು. ಅರಿವಳಿಕೆಯವರು ನನ್ನ ಭುಜ ತಟ್ಟಿ ಚಳಿಯಾಗುತ್ತಿದೆಯೇ ಎಂದು ಕೇಳಿದರು. ಆಗಲೇ ನನಗೆ ಹಲ್ಲು ಕಟಕಟಿಸುತ್ತಿರುವುದು ಗೊತ್ತಾದದ್ದು.

ಅಂಗಡಿಯಲ್ಲಿ ನಾನು ದಿನವೂ ಕೂರುವುದು ಪರೀಕ್ಷೆ ಮಾಡುವವರ ಕಡೆ, ಆ ಕಿಟಕಿಯ ಆಚೆ ಬದಿಯಲ್ಲಿ. ಇಂದು ಈಚೆ ಇದ್ದೆ. ಆಕೆಗೂ ಒಂದು ಆಸೆಯ ಮಾತು ಹೇಳುವುದು ಸುಲಭವಿತ್ತು, ಇದ್ದ ಹಾಗಿದೆ ಸರ್ ಎಂದು. ಒಂದು ಸಲವೂ ಊಹೆಯ ಮೇಲೆ ಹೇಳಲಿಲ್ಲ. ಮುಖವೇ ನೋಡದ ಆ ಹೆಂಗಸಿನ ಮೇಲೆ ನನಗೆ ಆ ಹೊತ್ತಿನಲ್ಲಿ ಸಿಟ್ಟೂ ಬಂತು, ಗೌರವವೂ ಹುಟ್ಟಿತು. ಕೊನೆಗೆ ಡಾಕ್ಟರು ಕುರ್ಚಿ ಹಿಂದಕ್ಕೆ ಸರಿಸಿದ ಸದ್ದು ಕೇಳಿಸಿತು. ಹೊಲಿಗೆಗೆ ದಾರ ಕೇಳಿದರು.

ಸಂಜೆ ವಾರ್ಡಿಗೆ ಬಂದು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಎರಡೂ ಕಡೆ ಸಿಗಲಿಲ್ಲ. ಇನ್ನೊಂದು ಸಲ ಹುಡುಕಬಹುದು, ಆದರೆ ತಾನು ಹಾಗೆ ಸಲಹೆ ಕೊಡುವುದಿಲ್ಲ. ದಾನಿಯ ವೀರ್ಯಾಣು ಒಂದು ದಾರಿ, ದತ್ತು ಒಂದು ದಾರಿ, ಇಬ್ಬರೇ ಇರುವುದೂ ಒಂದು ದಾರಿ. ಅವಸರವಿಲ್ಲ. ಅವರು ಹೋದ ಮೇಲೆ ಹೆಂಡತಿ ನನ್ನ ಕಾಲ ಮೇಲಿನ ಹೊದಿಕೆ ಸರಿಮಾಡಿದಳು. ಕಾಲಿಗೆ ಇನ್ನೂ ಸರಿಯಾಗಿ ಸ್ಪರ್ಶ ತಿಳಿಯುತ್ತಿರಲಿಲ್ಲ. “ಹೊಟ್ಟೆ ಹಸೀತಿದೆ ಕಣ್ರೀ,” ಎಂದಳು. ಕೆಳಗಿನ ಕ್ಯಾಂಟೀನಿನಿಂದ ಎರಡು ಇಡ್ಲಿ ತರಿಸಿಕೊಂಡು ತಿನ್ನುತ್ತಾ, ಅರ್ಧದಲ್ಲಿ ನಿಲ್ಲಿಸಿ ಅತ್ತಳು. ನನಗೂ ಬಹಳ ದುಃಖವಾಯಿತು. ಅವಳು ಅಳುವಾಗ ತಟ್ಟೆ ಹಿಡಿದುಕೊಂಡಿದ್ದೆ, ನನ್ನದು ಹೊರಗೆ ಬರಲಿಲ್ಲ.

ಮನೆಯಲ್ಲಿ ಹರ್ನಿಯಾ ನಾಟಕ ಚೆನ್ನಾಗಿ ನಡೆಯಿತು. ಅಮ್ಮ ಮೆಣಸಿನ ಸಾರು ಮಾಡಿದಳು, ಬಕೆಟ್ ಮುಟ್ಟಲು ಬಿಡಲಿಲ್ಲ. ಹೆಂಡತಿ ಬ್ಯಾಂಡೇಜು ಬದಲಿಸುವಾಗ ರೂಮಿನ ಕಡೆ ತಲೆ ಹಾಕಲಿಲ್ಲ. ನೋಡಲು ಬಂದವರಿಗೆ ಹರ್ನಿಯಾ ಹೇಗೆ ಬರುತ್ತದೆ, ಜಾಲರಿ ಹೇಗೆ ಕೂರಿಸುತ್ತಾರೆ ಎಂದು ನಾನೇ ವಿವರಿಸುವಷ್ಟು ಪ್ರವೀಣನಾದೆ. ನಾನು ಅಂಗಡಿಗೆ ಹೋಗಲು ಶುರುಮಾಡಿದೆ, ಮುಂದೇನು ಎಂದು ನಾನೂ ಹೆಂಡತಿಯೂ ಕೂತು ಆಡಬೇಕಿದ್ದ ಮಾತು ಮುಂದಕ್ಕೇ ಹೋಗುತ್ತಿತ್ತು. ಒಂದು ಶನಿವಾರ ಹೆಂಡತಿ ಅಶ್ವತ್ಥಕಟ್ಟೆಗೆ ಹೊರಟಾಗ ಅಮ್ಮ, “ಬಿಸಿಲಲ್ಲಿ ಯಾಕಮ್ಮ, ಬುಡು,” ಎಂದಳು. ಸರವೂ ಅವಳ ಕೊರಳಲ್ಲಿ ಕಾಣಲಿಲ್ಲ. ಕೇಳಿದ್ದಕ್ಕೆ ಕೊಂಡಿ ಸಡಿಲವಾಗಿದೆ ಎಂದಳು. ವಯಸ್ಸಾಯಿತು, ಉತ್ಸಾಹ ಕಡಿಮೆಯಾಗಿದೆ ಎಂದುಕೊಂಡೆ. ದಿನವಿಡೀ ಬೇರೆಯವರ ಕಣ್ಣು ಪರೀಕ್ಷೆ ಮಾಡುವವನು ನಾನು.

ಒಂದು ಭಾನುವಾರ ಬೆಳಿಗ್ಗೆ ಪೇಪರ್ ಓದುತ್ತಾ ಕೂತಿದ್ದೆ. ಮಹಡಿ ಮನೆಯಾಕೆ ಇಳಿದುಬಂದು ಬಾಗಿಲಲ್ಲಿ ನಿಂತಳು. ಹಳ್ಳಿ ಕಡೆಯಿಂದ ಬಂದ ಸಂಸಾರ, ಗಂಡನದು ಬಸ್ ಡಿಪೋದಲ್ಲಿ ಕೆಲಸ, ಇಬ್ಬರು ಗಂಡುಮಕ್ಕಳು.

“ಅಮ್ಮಾ, ನಮ್ ದೊಡ್ಡೋನಿಗೆ ಮಂಗನಬಾವು ಬಂದೈತೆ. ಕೆನ್ನೆ ಎಂಗ್ ಊದ್ಕಂಡೈತೆ ಅಂದ್ರೆ, ನಿನ್ನೆ ಕಾಲೇಜಿಗೂ ಹೋಗಿಲ್ಲ. ಒಸಿ ನಿಮ್ ಸರ ಕೊಡ್ತೀರಾ?”

“ಸರ ಕೊಡಲ್ಲ ಕಣಮ್ಮ,” ಎಂದಳು ಅಮ್ಮ.

ನಾನು ಪೇಪರಿನಿಂದ ತಲೆಯೆತ್ತಿದೆ. ನನಗೆ ತಿಳಿದಂತೆ ಅಮ್ಮ ಹಾಗೆ ಹೇಳಿದ್ದು ಅದೇ ಮೊದಲು. ಆಕೆಯ ಮುಖ ಚಿಕ್ಕದಾಯಿತು. “ಬ್ಯಾಂಕಲ್ಲಿ ಮಡಗಿದೀರಾ ಅಮ್ಮ?”

“ಬೀರುನಲ್ಲೇ ಇದೆ. ಕೊಡಲ್ಲ. ಹುಡುಗನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗು.”

“ಇದಕ್ಯಾಕಮ್ಮ ಡಾಕ್ಟ್ರು? ನಾಕ್ ದಿನಕ್ಕೆ ಇಳೀತದೆ ಅಂತ ನೀವೇ ಅಂತಿದ್ರಲ್ಲ.”

“ಕೆನ್ನೇದು ಇಳಿಯುತ್ತೆ. ಬೆಳೆದ ಹುಡುಗ, ಕೆಳಗಡೆ ಬಾವು ಬಂದ್ರೆ ನಿಂಗೆ ಹೇಳ್ತಾನಾ? ಹೇಳಲ್ಲ. ಇವನೂ ಹೇಳಲಿಲ್ಲ.” ಅಮ್ಮ ನನ್ನ ಕಡೆ ಕೈ ತೋರಿಸಿದಳು. “ನಂಗೆ ಗೊತ್ತಾಗಿತ್ತು. ಸರ ಹಾಕಿ ಕೂರಿಸಿದೆ, ಹರಳೆಲೆ ಕೊಟ್ಟೆ, ಅಷ್ಟೇ. ಇವನಿಗೆ ಆಪರೇಷನ್ ಆಯ್ತಲ್ಲ, ಅದು ಹರ್ನಿಯಾ ಅಲ್ಲ ಕಣಮ್ಮ. ನಮ್ಮಣ್ಣಂಗೆ ಹರ್ನಿಯಾ ಆದಾಗ ಆಸ್ಪತ್ರೇಲಿ ನೋಡ್ಕೊಂಡೋಳು ನಾನು, ಅದು ಎಂಗಿರುತ್ತೆ ಅಂತ ನಂಗೊತ್ತಿಲ್ವಾ? ಮಂಗನಬಾವು ಬಂದಿತ್ತಾ ಅಂತ ಇವನು ಕೇಳಿದಾಗ್ಲೇ ಗೊತ್ತಾಯ್ತು, ಇವನಿಗೆ ಮಕ್ಕಳಾಗ್ದೇ ಇರೋದು ಆ ಬಾವಿಂದ. ನನ್ ಸೊಸೇದು ಏನೂ ಇಲ್ಲ. ಬೀದೀಲಿ ಯಾರು ಕೇಳಿದ್ರೂ ಹಿಂಗೇ ಹೇಳು.”

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಜೋಪಾನವಾಗಿ ಕಟ್ಟಿದ್ದನ್ನು ಬಾಗಿಲಲ್ಲಿ ನಿಂತು, ಬಾಡಿಗೆಯವರ ಮುಂದೆ, ಒಗೆದ ಬಟ್ಟೆ ಕೊಡವಿದ ಹಾಗೆ ಕೊಡವಿಬಿಟ್ಟಳಲ್ಲ. ಹೆಂಡತಿ ಅಡುಗೆಮನೆಯಿಂದ ಬಂದು, ಕೈಯಲ್ಲಿ ಸೌಟು ಹಿಡಿದುಕೊಂಡೇ ಅತ್ತೆಯ ಪಕ್ಕದಲ್ಲಿ ನಿಂತಳು. ಮಹಡಿ ಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಅವರ ಅಪ್ಪ ಡ್ಯೂಟಿಗೆ ಹೋಗವ್ರೆ, ಎಂಗ್ ಕರ್ಕೊಂಡು ಹೋಗ್ಲಿ,” ಎಂದು ಮೆಲ್ಲಗೆ ಅಂದಳು.

“ನಾನು ಬರ್ತೀನಿ, ನೀವು ಹೊರಡಿ,” ಎಂದೆ. ಆಕೆ ಮೆಟ್ಟಿಲು ಹತ್ತಿ ಹೋದಳು.

ಅಮ್ಮ ಹಜಾರದ ಕುರ್ಚಿಯಲ್ಲಿ ಕೂತಳು. ನಾನು ಹತ್ತಿರ ಹೋಗಿ, ಯಾವ ಮಾತನ್ನು ಎಂದೂ ಆಡಬೇಕಾಗಿ ಬರಬಾರದು ಎಂದುಕೊಂಡಿದ್ದೆನೋ ಅದನ್ನೇ ಆಡಿದೆ. “ಅಮ್ಮ, ಡಾಕ್ಟ್ರನ್ನ ಕೇಳಿದೀನಿ ನಾನು. ಆವತ್ತು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೂ ಏನೂ ಆಗ್ತಿರ್ಲಿಲ್ಲವಂತೆ. ಅದಕ್ಕೆ ಔಷಧಾನೇ ಇಲ್ವಂತೆ.”

“ಇರಬೋದು ಕಣೋ,” ಎಂದಳು. “ಕರ್ಕೊಂಡು ಹೋಗಿದ್ದೆ ಅಂತಾದ್ರೂ ಇರ್ತಿತ್ತಲ್ಲ ನಂಗೆ.”

ಊಹೆಯ ಮೇಲೆ ಒಂದು ಸಮಾಧಾನ ಹೇಳಲು ಹೋಗಲಿಲ್ಲ. ಸ್ಕೂಟರ್ ಕೀ ತೆಗೆದುಕೊಂಡೆ. ಚಪ್ಪಲಿ ಮೆಟ್ಟುತ್ತಿದ್ದಾಗ ಅಮ್ಮ ಹಿಂದಿನಿಂದ, “ಅವರ ಚಿಕ್ಕೋನಿಗೆ ಬಾವು ಬರ್ದಂಗೆ ಸೂಜಿ ಇದೆಯಾ ಅಂತಾನೂ ಕೇಳು,” ಎಂದಳು.